ಲಿನಿಯಾಳ ಹುಟ್ಟುಹಬ್ಬಕ್ಕೆ ಬಂದವರು

ಲಾಹ್ತಿಯವರ ಮನೆಯಲ್ಲಿ ಆ ಸಂಜೆ ಜಗಳ ಎದ್ದದ್ದು ಒಂದು ಫೋನ್ ನಂಬರಿನ ಸಲುವಾಗಿ.

ಮೇಜಿನ ಮೇಲೆ ಬೇಯಿಸಿದ ಆಲೂಗಡ್ಡೆ, ಹುರಿದ ಮೀನು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಇದ್ದವು. ಕೊಲೆಟ್ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಬಣ್ಣದ ಕಾರ್ಡುಗಳನ್ನು ಬರೆಯುತ್ತಿದ್ದಳು. ಮಗಳು ಲಿನಿಯಾಳಿಗೆ ಫೆಬ್ರವರಿಯಲ್ಲಿ ಎಂಟು ತುಂಬಲಿತ್ತು. ಶಾಲೆಯ ಕಟ್ಟಳೆ ಎಲ್ಲರಿಗೂ ಗೊತ್ತಿದ್ದದ್ದೇ. ತರಗತಿಯೊಳಗೆ ಆಮಂತ್ರಣ ಹಂಚುವುದಾದರೆ ಒಬ್ಬರನ್ನೂ ಬಿಡದೆ ಎಲ್ಲ ಮಕ್ಕಳಿಗೂ ಹಂಚಬೇಕು, ಇಲ್ಲವೆಂದರೆ ಶಾಲೆಯ ಹೊರಗೆ ಏನಾದರೂ ಮಾಡಿಕೊಳ್ಳಬೇಕು. ಕೊಲೆಟ್‌ಳಿಗೆ ಆ ಕಟ್ಟಳೆಯಿಂದ ಅನುಕೂಲವೇ ಆಗಿತ್ತು. ಯಾರನ್ನು ಕರೆಯಬೇಕು ಎಂದು ಲಿನಿಯಾಳನ್ನು ಕೇಳಿದ್ದರೆ ಅವಳ ಬಾಯಲ್ಲಿ ಒಂದು ಹೆಸರೂ ಬರುತ್ತಿರಲಿಲ್ಲ. ಅವಳು ಈ ಶಾಲೆಗೆ ಸೇರಿದ್ದು ಬೇಸಿಗೆ ಕಳೆದ ಮೇಲೆ. ಊಟದ ಹೊತ್ತಿಗೆ ನಿನ್ನೆದುರು ಯಾರು ಕೂರುತ್ತಾರೆ ಎಂದರೆ "ಕಿಟಕಿ" ಎನ್ನುತ್ತಿದ್ದಳು.

"ನಂಬರ್ ಯಾವ್ದು ಹಾಕ್ಲಿ?" ಎಂದು ಕೊಲೆಟ್ ಪೆನ್ನು ನಿಲ್ಲಿಸಿ ಗಂಡನನ್ನು ಕೇಳಿದಳು. ಅವಳ ಫೋನು ಕ್ರಿಸ್‌ಮಸ್ ಹಿಂದಿನ ದಿನ ಪಾತ್ರೆ ತೊಳೆಯುವ ನೀರಿಗೆ ಬಿದ್ದು ಸತ್ತಿತ್ತು. "ನಿಂದು ಹಾಕ್ತೀನಿ."

"ನಂದು ಬೇಡ," ಎಂದ ವೇಯ್ನ್. ಅವನು ಸರೋವರದ ಬಂದರಿನಲ್ಲಿ ಧಾನ್ಯ ತುಂಬಿಡುವ ಗೋಪುರದಲ್ಲಿ ಕೆಲಸಕ್ಕಿದ್ದ. "ಒಳಗೆ ಫೋನ್ ತಗೊಂಡ್ ಹೋಗಂಗಿಲ್ಲ. ಆ ಧೂಳಿಗೆ ಒಂದ್ ಕಿಡಿ ಬಿದ್ರೆ ಗೋಪುರ ಸಮೇತ ನಾನೂ ಸರೋವರದಾಚೆ. ಇಡೀ ದಿನ ಕಾರಲ್ಲೇ ಬಿದ್ದಿರತ್ತೆ."

"ಮತ್ತೆ?"

ಗೋಡೆಯ ಪಕ್ಕ ಕೂತು ಮೀನಿನ ಮುಳ್ಳು ಬಿಡಿಸುತ್ತಿದ್ದ ಐಲಿ ತಲೆಯೆತ್ತಿದಳು. ಅವಳು ವೇಯ್ನ್‌ನ ತಾಯಿ. ಅಜ್ಜಿಗೆ ಫಿನ್ನಿಶ್ ಜನ ಹೇಳುವ ಮುಮ್ಮು ಎಂಬ ಹೆಸರಿನಿಂದಲೇ ಮನೆಯವರೆಲ್ಲ ಅವಳನ್ನು ಕರೆಯುತ್ತಿದ್ದರು.

"ಈ ಮನೇಲಿ ಒಂದ್ ಫೋನ್ ಇದೆ," ಎಂದಳು. "ನಿಮ್ಮಪ್ಪ ಮನೆ ಕಟ್ಟಿದಾಗ ಹಾಕ್ಸಿದ್ದು. ನಾನೂ ಇದೀನಿ. ಇನ್ನೂ ಸತ್ತಿಲ್ಲ."

ಕೊಲೆಟ್ ಪೆನ್ನು ಕೆಳಗಿಟ್ಟಳು. ಯಾಕೆ ಎಂಬುದು ಮೂವರಿಗೂ ಗೊತ್ತಿತ್ತು. ಮಾವ ತೀರಿಕೊಂಡ ವಸಂತದಲ್ಲಿ ಐಲಿ ಈ ಮನೆಯಲ್ಲಿ ಒಬ್ಬಳೇ ಇದ್ದಾಗ ಆ ಫೋನು ರಿಂಗಾಗಿತ್ತು. ಯಂತ್ರದ ದನಿಯೊಂದು ತೆರಿಗೆ ಬಾಕಿ ಇದೆ, ಒಂದನ್ನು ಒತ್ತಿ ಎಂದಿತು. ಅವಳು ಒತ್ತಿದಳು. ಆಮೇಲೆ ಬಂದ ನಯವಾದ ಗಂಡು ದನಿಗೆ ಹೆದರಿ, ಸಮಾಧಿಯ ಕಲ್ಲು ನೆಡಿಸಲು ಇಟ್ಟಿದ್ದ ದುಡ್ಡನ್ನೆಲ್ಲ ಕಳೆದುಕೊಂಡಳು. ಗಂಡನ ಸಮಾಧಿಗೆ ಇನ್ನೂ ಹೆಸರಿರಲಿಲ್ಲ. ಒಬ್ಬಳನ್ನೇ ಬಿಡುವುದು ಬೇಡವೆಂದು ಮಗ ಸೊಸೆ ಮನೆ ಬಿಟ್ಟು ಇಲ್ಲಿಗೆ ಬಂದದ್ದು, ಲಿನಿಯಾ ಶಾಲೆ ಬದಲಿಸಿದ್ದು, ಎಲ್ಲ ಅದರಿಂದಲೇ. ವೇಯ್ನ್ ಆಗ ಫೋನಿನ ಮೇಲೆ ಒಂದು ಕಾಗದ ಅಂಟಿಸಿದ್ದ. ಯಂತ್ರ ಮಾತಾಡಿದರೆ ಇಟ್ಟುಬಿಡು, ಏನನ್ನೂ ಒತ್ತಬೇಡ ಎಂದು ದಪ್ಪಕ್ಷರದಲ್ಲಿ.

"ಮುಮ್ಮು, ಬೇಜಾರ್ ಮಾಡ್ಕೋಬೇಡಿ," ಎಂದಳು ಕೊಲೆಟ್. "ಯಾರ್ಯಾರೋ ಮಾಡ್ತಾರೆ, ನೀವು ಯಾಕ್ ತಲೆ ಕೆಡಿಸ್ಕೋಬೇಕು ಅಂತ..."

"ಮಕ್ಕಳ ತಾಯಂದ್ರು ಮಾಡ್ತಾರೆ. ಬರ್ತೀವಿ ಅಂತಾರೆ, ಬರಲ್ಲ ಅಂತಾರೆ. ಎರಡರಲ್ಲಿ ಒಂದ್ ಮಾತು. ಅಷ್ಟೂ ಕೇಳ್ಕೊಳಕ್ಕಾಗಲ್ವ ನನಗೆ?"

"ಅಮ್ಮನ ನಂಬರೇ ಹಾಕೇ," ಎಂದ ವೇಯ್ನ್, ಕೊನೆಯ ಆಲೂಗಡ್ಡೆಯನ್ನು ತನ್ನ ತಟ್ಟೆಗೆ ಎಳೆದುಕೊಳ್ಳುತ್ತ. "ಇಡೀ ದಿನ ಮನೇಲಿರೋದು ಅವಳೊಬ್ಳೇ."

ಕೊಲೆಟ್ ಪ್ರತಿ ಕಾರ್ಡಿನಲ್ಲೂ ಆ ನಂಬರು ಬರೆದಳು. ಕೆಳಗೆ "ಹಿತ್ತಲಲ್ಲಿ ಸ್ಕೇಟಿಂಗ್, ಶನಿವಾರ ಎರಡು ಗಂಟೆಗೆ, ಬರುವುದನ್ನು ಫೋನ್ ಮಾಡಿ ತಿಳಿಸಿ" ಎಂದು ಸೇರಿಸಿದಳು. ಪೆನ್ನು ಒತ್ತಿ ಒತ್ತಿ ಬರೆದದ್ದು ಮಾತ್ರ ಎಲ್ಲರಿಗೂ ಕೇಳಿಸಿತು.

ಮರುದಿನದಿಂದ ಮನೆಯ ಕೆಲಸಗಳೆಲ್ಲ ಆ ಶನಿವಾರದ ಕಡೆ ಮುಖ ಮಾಡಿದವು. ವೇಯ್ನ್ ಹಿತ್ತಲ ಹಿಮವನ್ನು ತುಳಿದು ಗಟ್ಟಿ ಮಾಡಿ, ಸುತ್ತ ಹಲಗೆ ನಿಲ್ಲಿಸಿ, ಕೆಲಸದಿಂದ ಬಂದು ಊಟವಾದೊಡನೆ ಕೊಳವೆ ಹಿಡಿದು ನೀರು ಹಾಯಿಸುತ್ತಿದ್ದ. ಒಂದು ಪದರ ಹೆಪ್ಪುಗಟ್ಟಿದ ಮೇಲೆ ಇನ್ನೊಂದು. ಲಿನಿಯಾ ಅಡುಗೆಮನೆಯ ಕಿಟಕಿಗೆ ಮೂಗೊತ್ತಿ ನೋಡುತ್ತಿದ್ದಳು.

"ಅಪ್ಪಾ, ಈಗ ಒಂದ್ ಸಲ ಆಡ್ಲಾ?"

"ಬೇಡ ಮರಿ. ಅವತ್ತು ಕನ್ನಡಿ ಥರ ಇರ್ಬೇಕು. ಮೊದಲ್ನೇ ಗೀರು ನಿಂದೂ ನಿನ್ನ ಫ್ರೆಂಡ್ಸ್‌ದೂ."

ಕೇಕಿನ ವಿಷಯಕ್ಕೆ ಅತ್ತೆ ಸೊಸೆಗೆ ಇನ್ನೊಂದು ಸುತ್ತು ಆಯಿತು. ಐಲಿ ಏಲಕ್ಕಿ ಹಾಕಿದ ಸಿಹಿ ರೊಟ್ಟಿ, ಪುಲ್ಲಾ, ಮಾಡುತ್ತೇನೆಂದಳು. ಪ್ರತಿ ಮಗುವಿಗೂ ಒಂದೊಂದು ಪುಟ್ಟ ಜಡೆ ಹೆಣೆದು.

"ಮಕ್ಳು ಅದನ್ನ ಮೂಸೂ ನೋಡಲ್ಲ ಮುಮ್ಮು. ಅಂಗಡಿ ಕೇಕೇ ಬೇಕು, ಮೇಲೆ ನೀಲಿ ಕ್ರೀಮು. ಪಿಜ್ಜಾ ಬೇಕು. ಹೋಗ್ವಾಗ ಕೈಗೊಂದು ಪೊಟ್ಟಣ ಬೇಕು."

"ಹುಟ್ಟಿದ್ದು ಇವಳು. ಅವ್ರಿಗ್ಯಾಕೆ ಪೊಟ್ಟಣ?"

"ಇಲ್ಲಿ ಹಂಗೇ."

"ಇಲ್ಲಿ ಹಂಗೇ ಅಂತ ನನಗೆ ಹೇಳ್ತೀಯ! ನಾನು ಈ ಊರಿಗೆ ಬಂದಾಗ ನೀನು ತೊಟ್ಟಿಲಲ್ಲೂ ಇರ್ಲಿಲ್ಲ."

ಕೊನೆಗೆ ಎರಡೂ ಆಯಿತು. ಐಲಿ ಎರಡು ದಿನ ಹಿಟ್ಟು ನಾದಿದಳು. ಕೊಲೆಟ್ ಪೊಟ್ಟಣಗಳಿಗೆ ಪೆನ್ಸಿಲು, ಮಿಠಾಯಿ, ಪುಟ್ಟ ಚೆಂಡು ತುಂಬಿದಳು. ಯಾರೂ ನೋಡದಾಗ ಐಲಿ ಪ್ರತಿ ಪೊಟ್ಟಣದೊಳಗೂ ಒಂದೊಂದು ಪುಲ್ಲಾ ಇಟ್ಟಳು. ಕೊಲೆಟ್ ಅದನ್ನು ಕಂಡೂ ತೆಗೆಯಲಿಲ್ಲ.

ಫೋನು ಮಾತ್ರ ಸುಮ್ಮನಿತ್ತು.

ಪೂರ್ತಿ ಸುಮ್ಮನಿರಲಿಲ್ಲ. ಆಗಾಗ ರಿಂಗಾಗುತ್ತಿತ್ತು. ಐಲಿ ಕಾಫಿಯ ಬಟ್ಟಲನ್ನು ಹಾಗೇ ಬಿಟ್ಟು ಎದ್ದು ಹೋಗಿ, "ಲಾಹ್ತಿಯವರ ಮನೆ, ಲಿನಿಯಾಳ ಅಜ್ಜಿ ಮಾತಾಡ್ತಿರೋದು," ಎನ್ನುತ್ತಿದ್ದಳು. ಹೀಗೆ ಹೇಳಬೇಕೆಂದು ಅವಳೇ ಅಭ್ಯಾಸ ಮಾಡಿಕೊಂಡಿದ್ದಳು. ಆ ಕಡೆಯಿಂದ ಅದೇ ಸಪ್ಪೆ ಯಂತ್ರದ ದನಿ ಬರುತ್ತಿತ್ತು. "ನಿಮಗೆ ಒಂದು ಸಂದೇಶವಿದೆ. ಕೇಳಲು ಒಂದನ್ನು..." ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾಳೆ. ಅವಳು ಕೆಂಡ ಮುಟ್ಟಿದ ಹಾಗೆ ಫೋನು ಇಡುತ್ತಿದ್ದಳು.

ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗಲೇ ಫೋನು ರಿಂಗಾಯಿತು. ಕೊಲೆಟ್ ಅರ್ಧ ಎದ್ದಳು. ಐಲಿ ಮೊದಲೇ ತಲುಪಿದ್ದಳು. ಕಿವಿಗಿಟ್ಟು, ತಕ್ಷಣ ಇಟ್ಟಳು.

"ಯಾರು?"

"ಯಂತ್ರ. ಒತ್ತು ಅಂತಿತ್ತು. ನಾನ್ಯಾಕ್ ಒತ್ಲಿ?"

"ಭೇಷ್ ಅಮ್ಮ," ಎಂದ ವೇಯ್ನ್. "ಇಷ್ಟು ಬುದ್ಧಿ ಮೊದ್ಲೇ ಇದ್ದಿದ್ರೆ..."

"ವೇಯ್ನ್," ಎಂದಳು ಕೊಲೆಟ್. ಅವನು ತಟ್ಟೆಗೆ ಬಗ್ಗಿದ.

ಕೊಲೆಟ್ ವೃದ್ಧಾಶ್ರಮದಲ್ಲಿ ಆಯಾ ಕೆಲಸ ಮುಗಿಸಿ ಬಂದವಳು ಬೂಟು ಬಿಚ್ಚುವ ಮೊದಲೇ ಕೇಳುತ್ತಿದ್ದಳು: "ಯಾರಾದ್ರೂ ಮಾಡಿದ್ರಾ?" ಐಲಿ ಇಲ್ಲವೆನ್ನುತ್ತಿದ್ದಳು. ಮೊದಲ ವಾರ ಅದು ಬರಿಯ ಇಲ್ಲವಾಗಿತ್ತು. ಎರಡನೇ ವಾರಕ್ಕೆ ಅತ್ತೆಯೇ ತಪ್ಪು ಮಾಡಿದವಳ ಹಾಗೆ, ಸೊಸೆಯ ಕಾರಿನ ಸದ್ದು ಕೇಳಿದೊಡನೆ ಒಲೆಯ ಕಡೆ ತಿರುಗಿ ನಿಲ್ಲತೊಡಗಿದಳು.

"ಮೇವ್ ಬರ್ತಾಳಂತೆ," ಎಂದಳು ಲಿನಿಯಾ ಗುರುವಾರ, ಬಾಯ ತುಂಬ ಅನ್ನದ ಪಾಯಸ ಇಟ್ಟುಕೊಂಡು. "ಅವಳ ಸ್ಕೇಟು ಬಿಳೀದು. ಇವತ್ತು ಊಟಕ್ಕೆ ನನ್ನ ಪಕ್ಕ ಕೂತಿದ್ಲು. ಬೆಕೆಟ್ಟೂ ಬರ್ತಾನಂತೆ. ಎಲ್ರೂ ಬರ್ತಾರಂತೆ."

ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅವರಮ್ಮ ಏನಂದ್ರಂತೆ?" ಎಂದಳು ಕೊಲೆಟ್.

"ಗೊತ್ತಿಲ್ಲ. ಮೇವ್ ಬರ್ತೀನಿ ಅಂದ್ಲು."

ಶುಕ್ರವಾರ ಸಂಜೆ ಲಿನಿಯಾ ನೆಲಮಾಳಿಗೆಯ ಸೌನಾ ಕೋಣೆಯಲ್ಲಿ ಬಿಸಿಯ ಹಬೆಗೆ ಕೂತಿದ್ದಾಗ, ಮೇಲೆ ಅಡುಗೆಮನೆಯಲ್ಲಿ ಮೂವರೂ ದನಿ ತಗ್ಗಿಸಿ ಜಗಳವಾಡಿದರು.

"ಒಬ್ರೂ ಇಲ್ಲ," ಎಂದಳು ಕೊಲೆಟ್. "ಇಡೀ ತರಗತಿಗೆ ಒಂದು ಫೋನಿಲ್ಲ. ಬರಲ್ಲ ಅನ್ನಕ್ಕೂ ಯಾರಿಗೂ ಪುರುಸೊತ್ತಿಲ್ಲ."

"ಟೀಚರ್‌ನ ಕೇಳ್ಬೋದಿತ್ತು."

"ಏನಂತ ಕೇಳ್ಲಿ? ನನ್ನ ಮಗಳಿಗೆ ಫ್ರೆಂಡ್ಸ್ ಇದಾರಾ ಅಂತ ಕೇಳ್ಲಾ? ಬೇರೆಯವರ ನಂಬರ್ ಶಾಲೇಲಿ ಕೊಡಲ್ಲ, ನಿಂಗೂ ಗೊತ್ತು."

"ಮಗು ಬರ್ತಾರೆ ಅಂತಿದೆಯಲ್ಲೇ," ಎಂದಳು ಐಲಿ.

"ಮಕ್ಳು ಎಲ್ರಿಗೂ ಬರ್ತೀನಿ ಅಂತಾರೆ ಮುಮ್ಮು. ಕರ್ಕೊಂಡ್ ಬರೋದು ತಾಯಂದ್ರು. ನಾಳೆ ಅವಳು ಕಾಗದದ ಟೋಪಿ ಹಾಕ್ಕೊಂಡು ಕಿಟಕೀಲಿ ನಿಂತಿರ್ತಾಳೆ. ಎರಡಾಗತ್ತೆ, ಮೂರಾಗತ್ತೆ. ನಾನದನ್ನ ನೋಡಲ್ಲ. ನನ್ನ ಕೈಲಾಗಲ್ಲ."

"ಯಾರಾದ್ರೂ ಬಂದ್ಬಿಟ್ರೆ?" ಎಂದ ವೇಯ್ನ್. "ಬಾಗಿಲಿಗೆ ಒಂದ್ ಚೀಟಿನಾದ್ರೂ ಅಂಟಿಸೋಣ."

"ಯಾರಿಗೆ ಚೀಟಿ? ಬೀದಿಯವರೆಲ್ಲ ಓದ್ಕೊಂಡ್ ನಗ್ಲಿ ಅಂತಾನಾ?"

ವೇಯ್ನ್ ಕಿಟಕಿಯಾಚೆ ಮಂಜಿನ ಅಂಗಳ ನೋಡಿದ. ಅಂದು ಕೊನೆಯ ಪದರ ಹಾಯಿಸಿ ಬಂದಿದ್ದ. ಅದು ನಿಜವಾಗಿಯೂ ಕನ್ನಡಿಯ ಹಾಗೆ ಇತ್ತು. "ಸರಿ," ಎಂದ.

ಮಗುವಿಗೆ ಏನು ಹೇಳುವುದೆಂದು ಕೊಲೆಟ್ ಆಗಲೇ ಯೋಚಿಸಿದ್ದಳು. ಬೆಳಿಗ್ಗೆ ಜಡೆ ಹಾಕುತ್ತ, "ತರಗತಿಯವರಿಗೆಲ್ಲ ಜ್ವರವಂತೆ ಚಿನ್ನ, ತಾಯಂದ್ರು ಫೋನ್ ಮಾಡಿದ್ರು. ಇವತ್ತು ನಿಪಿಗನ್‌ಗೆ ಹೋಗೋಣ, ಜಿನೆಟ್ ಚಿಕ್ಕಮ್ಮನ ಮನೇಲಿ ಕೇಕ್ ಕತ್ತರಿಸೋಣ," ಎಂದಳು.

"ಮೇವ್‌ಗೂ ಜ್ವರಾನಾ?"

"ಮೇವ್‌ಗೂ."

"ಬೆಕೆಟ್?"

"ಎಲ್ರಿಗೂ."

"ಪಾಪ," ಎಂದಳು ಲಿನಿಯಾ. "ಅವರ ಪೊಟ್ಟಣ ಸೋಮವಾರ ಶಾಲೆಗೆ ತಗೊಂಡ್ ಹೋಗ್ಲಾ?"

ಐಲಿ ಕೋಟು ಹಾಕಿಕೊಳ್ಳುವ ನೆಪದಲ್ಲಿ ಕೋಣೆಯಿಂದ ಹೊರಗೆ ಹೋದಳು.

ಜಿನೆಟ್‌ಳ ಮನೆಯಲ್ಲಿ ಚಿಕ್ಕಮ್ಮನೂ ಅವಳ ಗಂಡನೂ ಹಾಡಿದರು. ಲಿನಿಯಾ ಮೇಣದಬತ್ತಿ ಊದಿದಳು. ದೊಡ್ಡವರು ನೀಲಿ ಕ್ರೀಮಿನ ಕೇಕನ್ನು ತಿನ್ನಬೇಕಲ್ಲ ಎಂದು ತಿಂದರು. ಕತ್ತಲಾಗುವ ಮುಂಚೆ ತಲುಪಬೇಕೆಂದು ಬೇಗ ಹೊರಟರು.

ಮನೆಯ ಮುಂದೆ ಕಾರು ನಿಂತಾಗ ಮೊದಲು ನೋಡಿದವಳು ಲಿನಿಯಾ.

ಮೆಟ್ಟಿಲುಗಳ ಮೇಲೆ ಉಡುಗೊರೆಗಳಿದ್ದವು. ಒಂದೆರಡಲ್ಲ. ಬಣ್ಣದ ಕಾಗದ, ರಿಬ್ಬನ್ನು, ಕೈಚೀಲಗಳು ಬಾಗಿಲಿಗೆ ಒರಗಿಕೊಂಡು, ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದಿದ್ದವು. ಮೇಲೆ ತೆಳುವಾಗಿ ಹಿಮ ಬಿದ್ದಿತ್ತು. ಮುಂದಿನ ದಾರಿಯಲ್ಲಿ ಪುಟ್ಟ ಬೂಟುಗಳ ಗುರುತುಗಳು ಒಂದರ ಮೇಲೊಂದು ತುಳಿದಾಡಿ, ಮನೆಯ ಪಕ್ಕದಿಂದ ಹಿತ್ತಲಿಗೆ ಹೋಗಿದ್ದವು.

ಲಿನಿಯಾ ಓಡಿದಳು. ಕೊಲೆಟ್ ಅವಳ ಹಿಂದೆ ಓಡಿದಳು.

ಮಂಜಿನ ಅಂಗಳದ ತುಂಬ ಗೀರುಗಳಿದ್ದವು. ಸುತ್ತು ಗೀರು, ಅಡ್ಡ ಗೀರು, ಬಿದ್ದೆದ್ದ ಜಾಗದಲ್ಲಿ ಬಿಳಿಯ ಪುಡಿ. ಒಂದು ಮೂಲೆಯಲ್ಲಿ ಯಾರೋ ಸ್ಕೇಟಿನ ಮೊನೆಯಿಂದ ದೊಡ್ಡದಾಗಿ ಎಂಟು ಎಂದು ಬರೆದಿದ್ದರು. ಹಲಗೆಯ ಮೇಲೆ ಒಂಟಿ ಕೆಂಪು ಕೈಗವಸು ಒಣಗಲಿಟ್ಟ ಹಾಗೆ ಕೂತಿತ್ತು. ಕಾದು ಕಾದು, ಯಾರೂ ಬಾಗಿಲು ತೆರೆಯದಿದ್ದಾಗ ಮಕ್ಕಳು ಅಷ್ಟು ಹೊತ್ತು ಆಡಿ ಹೋಗಿದ್ದರು.

ಲಿನಿಯಾ ಹಲಗೆ ಹಿಡಿದು ನಿಂತಳು.

"ಜ್ವರ ಇತ್ತಲ್ಲ?" ಎಂದಳು.



ಅಂದು ಮನೆಯಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಉಡುಗೊರೆಯೊಂದರ ಮೇಲೆ ಮೇವ್‌ಳ ತಾಯಿ ಶಾನಾ ತನ್ನ ಹೆಸರು, ನಂಬರು ಬರೆದು, "ಎಲ್ಲ ಕ್ಷೇಮವೇ?" ಎಂದು ಸೇರಿಸಿದ್ದಳು. ವೇಯ್ನ್ ತನ್ನ ಫೋನಿನಿಂದ ಅವಳಿಗೆ ಕರೆ ಮಾಡಿದ. ಎಲ್ಲರೂ ಕೇಳುವ ಹಾಗೆ ಫೋನನ್ನು ಮೇಜಿನ ಮೇಲಿಟ್ಟ.

"ನಾನು ಕಾರ್ಡ್ ಬಂದ ದಿನಾನೇ ಮೆಸೇಜ್ ಹಾಕಿದ್ದೆ," ಎಂದಳು ಶಾನಾ. "ಎಲ್ರೂ ಹಾಕಿದ್ವಿ. ತಲುಪಿದೆ ಅಂತಾನೇ ಬಂತು. ಚಳೀಲಿ ಅರ್ಧ ಗಂಟೆ ಬಾಗಿಲು ಬಡಿದ್ವಿ. ಒಳಗೆ ಯಾರಿಗೋ ಏನೋ ಆಗಿದೆ ಅಂತ ಹೆದರ್ಕೊಂಡ್ವಿ."

"ಇದು ಗೋಡೆ ಫೋನು. ಮೆಸೇಜ್ ಬರಲ್ಲ ಇದಕ್ಕೆ," ಎಂದ ವೇಯ್ನ್.

"ಅದೆಲ್ಲ ನನಗೇನ್ ಗೊತ್ತು? ನಮ್ಮ ಮೇವ್ ಕಾರಲ್ಲಿ ಮನೆವರೆಗೂ ಅತ್ಲು."

ಶಾನಾ ಫೋನು ಇಟ್ಟ ಮೇಲೆ ವೇಯ್ನ್ ಮೇಜಿನ ಮೇಲಿದ್ದ ತನ್ನ ಫೋನನ್ನು ಕೈಗೆತ್ತಿಕೊಂಡ. ಆಮೇಲೆ ಏನೋ ಟೈಪು ಮಾಡಿ, ತನ್ನ ಮನೆಯ ನಂಬರಿಗೇ ಮೆಸೇಜು ಕಳಿಸಿದ.

ಗೋಡೆಯ ಫೋನು ರಿಂಗಾಯಿತು.

ಐಲಿ ಅಭ್ಯಾಸಬಲದಿಂದ ಎದ್ದು ಹೋಗಿ ಎತ್ತಿದಳು. ಕೇಳಿದಳು. ಇಡಲು ಕೈ ಇಳಿಸಿದಳು.

"ಇಡ್ಬೇಡ," ಎಂದ ವೇಯ್ನ್. "ಒಂದನ್ನ ಒತ್ತು."

"ನೀನೇ ಒತ್ತಬೇಡ ಅಂದಿದ್ದೆ."

"ಒತ್ತಮ್ಮ."

ಐಲಿ ಗೋಡೆಯ ಮೇಲಿನ ಕಾಗದ ನೋಡಿದಳು, ಮಗನನ್ನು ನೋಡಿದಳು. ಒತ್ತಿದಳು. ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಆ ಸಪ್ಪೆ ದನಿ ಮೇಜಿನವರೆಗೂ ಕೇಳಿಸಿತು. ಅದು ಅವಸರವಿಲ್ಲದೆ, ಯಾವ ಭಾವವೂ ಇಲ್ಲದೆ, ವೇಯ್ನ್ ಬರೆದಿದ್ದ ಒಂದೇ ಪದ ಹೇಳಿತು: "ಲಿನಿಯಾ."

"ಕಳಿಸಿದ ಮೆಸೇಜನ್ನ ಕಂಪನಿ ಯಂತ್ರ ಫೋನ್ ಮಾಡಿ ಓದತ್ತೆ," ಎಂದ ವೇಯ್ನ್.

"ಅವ್ರೆಲ್ಲ ಇದ್ರೊಳಗೇ ಇದ್ರಾ?" ಎಂದಳು ಐಲಿ.

ಕೊಲೆಟ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು, ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ, ಪುಲ್ಲಾಗಳನ್ನು ಬೇರೆ, ಮಿಠಾಯಿ ಬೇರೆ ಮಾಡತೊಡಗಿದಳು. ವೇಯ್ನ್ ಗೋಡೆಯ ಕಾಗದ ಕಿತ್ತು ಮುದುರಿದ. ಅದನ್ನು ಎಲ್ಲಿ ಹಾಕುವುದೆಂದು ತೋಚದೆ ಜೇಬಿಗೆ ತುರುಕಿಕೊಂಡ.

ಸೋಮವಾರ ಕೊಲೆಟ್ ರಜೆ ಹಾಕಿ ಶಾಲೆಗೆ ಹೋದಳು. ಮಕ್ಕಳನ್ನು ಬಿಡಲು ಬಂದ ತಾಯಂದಿರ ಮುಂದೆ, ಹಿಮದಲ್ಲಿ ನಿಂತು, ನಡೆದದ್ದನ್ನು ಹೇಳಿದಳು. ಅವರು ಸೌಜನ್ಯದಿಂದಲೇ ಕೇಳಿದರು. "ಅಯ್ಯೋ, ಪರವಾಗಿಲ್ಲ," ಎಂದರು. "ಇನ್ನೊಂದು ದಿನ ಇಟ್ಕೊಂಡ್ರೆ ಆಯ್ತು," ಎಂದರು. ಒಬ್ಬಳು ಮಾತ್ರ, "ಆದ್ರೆ ಮನೇಲಿ ಯಾರೂ ಇರ್ಲಿಲ್ವಲ್ಲ? ಹುಟ್ಟುಹಬ್ಬದ ದಿನ?" ಎಂದಳು. ಫೋನಿನದು ಯಂತ್ರದ ತಪ್ಪು ಎನ್ನಬಹುದಿತ್ತು. ಬೀಗ ಯಾರ ತಪ್ಪು?

ತರಗತಿಯೊಳಗೆ ಅಷ್ಟು ಸೌಜನ್ಯವಿರಲಿಲ್ಲ.

"ನಮಗೆಲ್ಲ ಜ್ವರ ಅಂತ ಹೇಳಿದ್ಯಂತೆ," ಎಂದ ಬೆಕೆಟ್. "ಸುಳ್ಳಿ."

"ನಮ್ಮಮ್ಮ ಹೇಳಿದ್ದು."

"ಹಂಗಾದ್ರೆ ನಿಮ್ಮಮ್ಮ ಸುಳ್ಳಿ."

ಇದನ್ನು ಲಿನಿಯಾ ಮನೆಯಲ್ಲಿ ಊಟದ ಹೊತ್ತಿಗೆ, ತಟ್ಟೆ ನೋಡುತ್ತ, ಹಾಗೇ ಒಪ್ಪಿಸಿದಳು. ಕೊಲೆಟ್ ಚಮಚ ಕೆಳಗಿಟ್ಟಳು. "ಊಟಕ್ಕೆ ಮೇವ್ ಪಕ್ಕ ಕೂತಿದ್ಲಾ?" ಎಂದು ಕೇಳಿದವಳು ಐಲಿ.

"ಇಲ್ಲ. ಕಿಟಕಿ," ಎಂದಳು ಲಿನಿಯಾ.

ಕೊಲೆಟ್ ಮೇವ್‌ಳನ್ನು ಒಬ್ಬಳನ್ನೇ ಕರೆದು ನೋಡಿದಳು. ಈ ವಾರ ಈಜಿನ ಪಾಠ ಎಂದಳು ಶಾನಾ. ಮುಂದಿನ ವಾರ ಅಜ್ಜಿಯ ಮನೆ. ಅದರ ಮುಂದಿನ ವಾರಕ್ಕೆ ಕೊಲೆಟ್ ಕೇಳಲಿಲ್ಲ. ಉಡುಗೊರೆಗಳನ್ನು ಲಿನಿಯಾ ಬಿಚ್ಚಲು ಒಪ್ಪಲಿಲ್ಲ. ಪಾರ್ಟಿ ಆಗದೆ ಬಿಚ್ಚಿದರೆ ಕದ್ದ ಹಾಗೆ ಎಂದಳು. ಅವು ಐಲಿಯ ಹೊಲಿಗೆ ಯಂತ್ರದ ಕೆಳಗೆ, ಕಾಗದ ಮಾಸುತ್ತ ಕೂತವು. ಪುಲ್ಲಾಗಳನ್ನು ಐಲಿ ಒಣಗಿಸಿ ಡಬ್ಬಿಗೆ ತುಂಬಿದಳು. ಆ ಮನೆಯವರು ವಾರಗಟ್ಟಲೆ ಅವನ್ನೇ ಕಾಫಿಯಲ್ಲಿ ಅದ್ದಿ ತಿಂದರು. ಯಾರಿಗೂ ರುಚಿಸಲಿಲ್ಲ, ಎಸೆಯುವ ಧೈರ್ಯವೂ ಯಾರಿಗೂ ಇರಲಿಲ್ಲ.

ವೇಯ್ನ್ ಒಂದು ಸಂಜೆ ಕೊಳವೆ ಹಿಡಿದು ಹಿತ್ತಲಿಗೆ ಇಳಿದ. ಹೊಸ ಪದರ ಹಾಯಿಸಿದರೆ ಮಗಳಾದರೂ ಆಡಿಯಾಳು ಎಂದು. ಲಿನಿಯಾ ಕೋಟೂ ಇಲ್ಲದೆ ಹೊರಗೆ ಓಡಿ ಬಂದಳು.

"ನೀರ್ ಹಾಕ್ಬೇಡ!"

"ಯಾಕೆ ಮರಿ?"

"ಅಳಿಸಿ ಹೋಗತ್ತೆ."

ಅವನು ಗೀರುಗಳನ್ನು ನೋಡಿದ. ಕೊಳವೆ ಸುತ್ತಿಟ್ಟ.

ಮಾರ್ಚಿನಲ್ಲಿ ಮೇವ್‌ಳ ಹುಟ್ಟುಹಬ್ಬ ಬಂತು. ಶಾಲೆಯಲ್ಲಿ ಕಾರ್ಡು ಹಂಚಲಿಲ್ಲ. ತಾಯಂದಿರು ತಮ್ಮ ತಮ್ಮ ಫೋನುಗಳಲ್ಲೇ ಕರೆದುಕೊಂಡರು. ಹಾಗೆ ಕರೆದರೆ ಯಾರನ್ನು ಬಿಟ್ಟರೂ ಕಟ್ಟಳೆ ಮುರಿದಂತಲ್ಲ. ಮರುದಿನ ತರಗತಿಯ ಹುಡುಗಿಯರೆಲ್ಲರ ಕೈಯಲ್ಲೂ ಒಂದೇ ಬಗೆಯ ನೇರಳೆ ಬಳೆಯಿತ್ತು ಎಂದು ಲಿನಿಯಾ ಹೇಳಿದಳು. ಅಳಲಿಲ್ಲ. ಕೊಲೆಟ್‌ಳೇ ಸ್ನಾನದ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಆ ವಾರವೇ ಬಿಸಿಲು ಬಲವಾಯಿತು. ಸೂರಿನಿಂದ ನೀರು ತೊಟ್ಟಿಕ್ಕತೊಡಗಿತು. ಗೀರುಗಳಲ್ಲಿ ಮೊದಲು ನೀರು ನಿಂತಿತು, ಆಮೇಲೆ ಅಂಗಳವೆಲ್ಲ ಬೂದು ಕೆಸರಾಯಿತು. ಎಂಟು ಎಂದು ಬರೆದಿದ್ದ ಮೂಲೆ ಕೊನೆಗೆ ಕರಗಿತು. ಲಿನಿಯಾ ಶಾಲೆಯಿಂದ ಬಂದು ಕಿಟಕಿಗೆ ಮೂಗೊತ್ತಿ ನೋಡಿದಳು. ಮೇಜಿಗೆ ಬಂದು ಲೆಕ್ಕದ ಪುಸ್ತಕ ತೆರೆದಳು.

"ಆ ಫೋನ್ ತೆಗೆಸಿಬಿಡೋಣ," ಎಂದಳು ಕೊಲೆಟ್, ಆಲೂಗಡ್ಡೆ ಸುಲಿಯುತ್ತ. "ಯಾರಿಗೆ ಬೇಕು ಅದು?"

"ಮುಂದಿನ ತಿಂಗಳು ತೆಗೆಸ್ತೀನಿ," ಎಂದ ವೇಯ್ನ್.

ಐಲಿ ತನ್ನ ಕುರ್ಚಿಯನ್ನು ಒಲೆಯ ಪಕ್ಕದಿಂದ ತಂದು ಫೋನಿನ ಕೆಳಗೇ ಹಾಕಿಕೊಂಡು ಎಷ್ಟೋ ದಿನವಾಗಿತ್ತು.

ಅಷ್ಟರಲ್ಲಿ ಅದು ರಿಂಗಾಯಿತು. ಎರಡನೆಯ ಸಲ ರಿಂಗಾಗುವ ಮೊದಲೇ ಅವಳು ಎತ್ತಿದಳು.

"ಲಾಹ್ತಿಯವರ ಮನೆ, ಲಿನಿಯಾಳ ಅಜ್ಜಿ ಮಾತಾಡ್ತಿರೋದು."

ಯಂತ್ರದ ದನಿ ಏನೋ ಹೇಳಿತು. ಐಲಿ ಒಂದನ್ನು ಒತ್ತಿದಳು. ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳಿದಳು. ಮೇಜಿನಿಂದ ಮೂವರೂ ಅವಳನ್ನೇ ನೋಡುತ್ತಿದ್ದರು. ಲಿನಿಯಾಳ ಪೆನ್ಸಿಲು ನಿಂತಿತ್ತು.

"ಯಾರು ಮುಮ್ಮು?"

"ಒಲೆ ಚಿಮಣಿ ಗುಡಿಸೋ ಕಂಪನಿಯೋರು," ಎಂದಳು ಐಲಿ, ಫೋನಿಗೆ ಕೈ ಮುಚ್ಚಿ. "ಇರು, ಇನ್ನೂ ಮುಗಿದಿಲ್ಲ. ಪೂರ್ತಿ ಕೇಳ್ತೀನಿ."